ನೀರಿನಲ್ಲಿದ್ದೂ ಒಣಗುವ ಕೈ

ಚಳಿಗಾಲ ಬಂತೆಂದರೆ ಕೈಕಾಲು ಒಡೆಯುತ್ತವೆ ಎಂಬುದು ಕರ್ನಾಟಕದ ಎಲ್ಲ ಸೀಮೆಗಳಲ್ಲೂ ರೂಢಿಯಲ್ಲಿರುವ ತಿಳಿವಳಿಕೆ. ಬೀದರ್, ಕಲಬುರಗಿ, ವಿಜಯಪುರಗಳ ಒಣಹವೆಯಲ್ಲಿ ಅದು ಕಣ್ಣಿಗೆ ಕಾಣುವ ಸತ್ಯವೂ ಹೌದು. ಆದರೆ ಅಂಗೈ ಬಿರಿದು, ಬೆರಳ ಗೆಣ್ಣುಗಳಲ್ಲಿ ಸೀಳು ಮೂಡಿ, ಮುಷ್ಟಿ ಮಡಚಲಾಗದೆ ವೈದ್ಯರ ಬಳಿಗೆ ಹೋಗುವವರು ಯಾರೆಂದು ನೋಡಿದರೆ ಋತುವಿಗಿಂತ ಕಸುಬೇ ಎದ್ದುಕಾಣುತ್ತದೆ. ಮನೆಗೆಲಸದವರು, ಹೋಟೆಲಿನಲ್ಲಿ ತಟ್ಟೆ ಲೋಟ ತೊಳೆಯುವವರು, ಬಟ್ಟೆ ಒಗೆಯುವವರು, ಆಸ್ಪತ್ರೆಯ ದಾದಿಯರು, ಗಾರೆ ಕೆಲಸದವರು, ರೇಷ್ಮೆ ನೂಲು ತೆಗೆಯುವವರು ಆ ಸಾಲಿನಲ್ಲಿ ಮುಂದಿರುತ್ತಾರೆ. ಇವರಲ್ಲಿ ಬಹುಪಾಲು ಜನರ ಕೈಗೆ ನೀರಿನ ಕೊರತೆಯಿಲ್ಲ. ಬೇರೆಲ್ಲರಿಗಿಂತ ಹೆಚ್ಚು ಹೊತ್ತು ನೀರಿನಲ್ಲಿರುವ ಕೈಯೇ ಬೇರೆಲ್ಲರ ಕೈಗಿಂತ ಮೊದಲು ಒಣಗುತ್ತದೆ. ಮೇಲ್ನೋಟಕ್ಕೆ ವಿಚಿತ್ರವಾದ ಈ ಸಂಗತಿ ಅರ್ಥವಾದರೆ ಆರೈಕೆಯ ಮುಕ್ಕಾಲು ಭಾಗ ಅರ್ಥವಾದಂತೆ.

ಚರ್ಮದ ತೀರ ಹೊರಗಿನ ಪದರಕ್ಕೆ ಶೃಂಗಪದರ ಎಂದು ಹೆಸರು. ಜೀವ ಕಳೆದುಕೊಂಡು ಚಪ್ಪಟೆಯಾಗಿ ಒಂದರ ಮೇಲೊಂದು ಕುಳಿತ ಜೀವಕೋಶಗಳಿಂದ ಆದ ಈ ಪದರ, ಕೂದಲು ಉಗುರುಗಳಲ್ಲಿರುವ ಕೆರಟಿನ್ ಎಂಬ ಪ್ರೋಟೀನಿನಿಂದಲೇ ತುಂಬಿರುತ್ತದೆ. ಅದರ ರಚನೆಯನ್ನು ವಿವರಿಸಲು ಚರ್ಮವಿಜ್ಞಾನಿಗಳು ಇಟ್ಟಿಗೆ ಗೋಡೆಯ ಹೋಲಿಕೆಯನ್ನು ಬಳಸುತ್ತಾರೆ: ಸತ್ತ ಕೋಶಗಳು ಇಟ್ಟಿಗೆ, ಅವುಗಳ ನಡುವೆ ತುಂಬಿರುವ ಕೊಬ್ಬಿನ ಪದಾರ್ಥಗಳು ಗಾರೆ. ಸೆರಮೈಡ್, ಕೊಲೆಸ್ಟೆರಾಲ್ ಮತ್ತು ಕೊಬ್ಬಿನಾಮ್ಲಗಳಿಂದಾದ ಈ ಗಾರೆಯೇ ದೇಹದೊಳಗಿನ ನೀರು ಆವಿಯಾಗಿ ಹೊರಹೋಗದಂತೆ, ಹೊರಗಿನ ರಾಸಾಯನಿಕಗಳು ಒಳನುಗ್ಗದಂತೆ ತಡೆಯುತ್ತದೆ. ಇಟ್ಟಿಗೆಗಳ ಒಳಗೆ ಅಮೈನೋ ಆಮ್ಲಗಳು, ಯೂರಿಯಾ, ಲ್ಯಾಕ್ಟಿಕ್ ಆಮ್ಲದ ಲವಣಗಳು ಸೇರಿದ ಒಂದು ಮಿಶ್ರಣವಿರುತ್ತದೆ. ಸಹಜ ತೇವಾಂಶಕ ಎನ್ನಬಹುದಾದ ಈ ಮಿಶ್ರಣ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಅದರ ಬಲುಭಾಗ ಫಿಲಾಗ್ರಿನ್ ಎಂಬ ಪ್ರೋಟೀನು ಒಡೆದು ಹುಟ್ಟುತ್ತದೆ. ಫಿಲಾಗ್ರಿನ್ ತಯಾರಿಸುವ ಜೀನ್‌ನಲ್ಲಿ ದೋಷವಿರುವವರಿಗೆ ಒಣಚರ್ಮ ಮತ್ತು ಇಸುಬು, ಅಂದರೆ ಎಸ್ಜಿಮಾ, ಬರುವ ಸಾಧ್ಯತೆ ಹೆಚ್ಚೆಂದು ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ನೇತೃತ್ವದ ಸಂಶೋಧಕರು 2006ರಲ್ಲಿ ತೋರಿಸಿಕೊಟ್ಟರು. ಒಂದೇ ಮನೆಯಲ್ಲಿ ಒಂದೇ ಸೋಪು ಬಳಸುವ ಇಬ್ಬರಲ್ಲಿ ಒಬ್ಬರ ಕೈ ಮಾತ್ರ ಒಡೆಯುವುದಕ್ಕೆ ಇದೊಂದು ಕಾರಣ.

ಅಂಗೈಯ ಶೃಂಗಪದರ ಮೈಯ ಉಳಿದ ಭಾಗಗಳದಕ್ಕಿಂತ ಹಲವು ಪಟ್ಟು ದಪ್ಪ. ದಪ್ಪವಿದ್ದಷ್ಟೂ ಗಟ್ಟಿ ಎಂಬ ಎಣಿಕೆ ಇಲ್ಲಿ ಪೂರ್ತಿ ನಿಜವಲ್ಲ, ಏಕೆಂದರೆ ಮುಖದಲ್ಲಿ ನೆತ್ತಿಯಲ್ಲಿ ಜಿಡ್ಡು ಸ್ರವಿಸುವ ಗ್ರಂಥಿಗಳು ಅಂಗೈಯಲ್ಲಿ ಇಲ್ಲವೇ ಇಲ್ಲ. ಅಲ್ಲಿರುವುದು ಬೆವರು ಗ್ರಂಥಿಗಳು ಮಾತ್ರ. ತನ್ನದೇ ಜಿಡ್ಡಿಲ್ಲದ ದಪ್ಪ ಪದರವೊಂದು ದಿನಕ್ಕೆ ಸಾವಿರ ಸಲ ಮಡಚಿ ಬಿಚ್ಚಿಕೊಳ್ಳಬೇಕಾದಾಗ, ಅದರಲ್ಲಿ ನೀರಿನಂಶ ಇಳಿದರೆ ಪದರ ಬಾಗುವ ಬದಲು ಸೀಳುತ್ತದೆ, ಸೀಳು ಆಳವಾಗಿ ನರಗಳಿರುವ ಜೀವಂತ ಪದರವನ್ನು ಮುಟ್ಟಿದಾಗ ನೋವೂ ರಕ್ತವೂ ಕಾಣಿಸಿಕೊಳ್ಳುತ್ತವೆ. ಗೆಣ್ಣಿನ ಗೆರೆಗಳಲ್ಲಿ, ಹೆಬ್ಬೆರಳ ತುದಿಯಲ್ಲಿ, ಉಗುರಿನ ಪಕ್ಕದಲ್ಲಿ ಮೊದಲು ಬಿರುಕು ಬಿಡುವುದು ಈ ಕಾರಣದಿಂದ.

ಚರ್ಮವನ್ನು ಮೆದುವಾಗಿಡುವುದು ಎಣ್ಣೆಯೋ ನೀರೋ ಎಂಬ ಪ್ರಶ್ನೆಗೆ ಅಮೆರಿಕದ ಇರ್ವಿನ್ ಬ್ಲಾಂಕ್ ಎಂಬ ವಿಜ್ಞಾನಿ 1952ರಲ್ಲಿ ಪ್ರಕಟಿಸಿದ ಪ್ರಯೋಗ ಉತ್ತರ ಕೊಟ್ಟಿತು. ಚರ್ಮದಿಂದ ಬೇರ್ಪಡಿಸಿದ ಗಡಸು ಪದರದ ಒಣ ಚೂರುಗಳು ಎಣ್ಣೆಯಲ್ಲಿ ಎಷ್ಟು ಹೊತ್ತು ನೆನೆದರೂ ಪೆಡಸಾಗಿಯೇ ಉಳಿದವು. ನೀರು ಸೋಕಿದ ಕೂಡಲೇ ಮೆದುವಾದವು. ಹಾಗಿದ್ದರೆ ನೀರಿನಲ್ಲೇ ಇರುವ ಕೈ ಒಣಗುವುದೇಕೆ? ನೀರಿನಲ್ಲಿ ಹೆಚ್ಚು ಹೊತ್ತು ನೆನೆದ ಶೃಂಗಪದರ ಉಬ್ಬಿ ಸಡಿಲವಾಗುತ್ತದೆ, ಆ ಸಡಿಲಿನಲ್ಲಿ ಕೋಶಗಳೊಳಗಿನ ಸಹಜ ತೇವಾಂಶಕ ಕರಗಿ ನೀರಿನ ಜೊತೆ ಹೊರಟುಹೋಗುತ್ತದೆ, ಕೈ ಒರೆಸಿಕೊಂಡ ಮೇಲೆ ಹೀರಿದ ನೀರೂ ಆವಿಯಾಗುತ್ತದೆ, ಮತ್ತೆ ನೀರು ಹಿಡಿದಿಡಬಲ್ಲ ಪದಾರ್ಥ ಮೊದಲಿಗಿಂತ ಕಡಿಮೆಯಾಗಿರುತ್ತದೆ. ದಿನಕ್ಕೆ ಹತ್ತಿಪ್ಪತ್ತು ಸಲ ಹೀಗೆ ನೆನೆದು ಒಣಗುವ ಆವರ್ತನವೇ ನಿಜವಾದ ಹಾನಿಕಾರಕ. ನೀರು ಬಿಸಿಯಾಗಿದ್ದರೆ ಕೊಬ್ಬಿನ ಗಾರೆಯೂ ಬೇಗ ಸಡಿಲಗೊಳ್ಳುತ್ತದೆ.

ಬರಿಯ ನೀರಿಗಿಂತ ಸೋಪು ಹೆಚ್ಚು ತೊಂದರೆ ಕೊಡುತ್ತದೆ. ಆರೋಗ್ಯವಂತ ಚರ್ಮದ ಮೇಲ್ಮೈ ತುಸು ಆಮ್ಲೀಯ, ಅದರ ಪಿಎಚ್ ಅಂದಾಜು 5ರ ಆಸುಪಾಸಿನಲ್ಲಿರುತ್ತದೆ. ಎಣ್ಣೆ ಮತ್ತು ಕ್ಷಾರ ಸೇರಿಸಿ ಮಾಡಿದ ಸಾಂಪ್ರದಾಯಿಕ ಸೋಪಿನ ಪಿಎಚ್ 9ರಿಂದ 10. ಅದರ ಮೇಲೆ ಎಷ್ಟೇ ಗಂಧ, ಹಾಲು, ಬಾದಾಮಿಯ ಹೆಸರಿರಲಿ, ಸೋಪು ಸೋಪಾಗಿರುವವರೆಗೆ ಕ್ಷಾರವೇ. ಪಾತ್ರೆ ತೊಳೆಯುವ ಬಾರು ಪುಡಿಗಳಲ್ಲಿ ಇದರ ಜೊತೆಗೆ ವಾಷಿಂಗ್ ಸೋಡಾ ಮತ್ತು ಜಿಡ್ಡು ಕೀಳುವ ಸಲ್ಫೋನೇಟುಗಳೂ ಇರುತ್ತವೆ, ತಟ್ಟೆಯ ಜಿಡ್ಡನ್ನೂ ಚರ್ಮದ ಗಾರೆಯನ್ನೂ ಅವು ಬೇರೆಬೇರೆ ಎಂದು ಗುರುತಿಸುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಆಳದ ಬೋರ್‌ವೆಲ್‌ಗಳ ಗಡಸು ನೀರು ಈ ತೊಂದರೆಯನ್ನು ಹೆಚ್ಚಿಸುತ್ತದೆ: ಅದರಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಕಾರಣದಿಂದ ನೊರೆ ಏಳುವುದಿಲ್ಲ, ನೊರೆಗಾಗಿ ಸೋಪು ಹೆಚ್ಚು ಉಜ್ಜಬೇಕಾಗುತ್ತದೆ, ಉಜ್ಜಿದ್ದು ಸುಲಭವಾಗಿ ತೊಳೆದುಹೋಗದೆ ಚರ್ಮದ ಮೇಲೆ ಉಳಿಯುತ್ತದೆ. ಹಿಂದಿನವರ ಪದ್ಧತಿಯೇ ಮೃದುವಾಗಿತ್ತು ಎಂದು ಒಟ್ಟಾರೆ ಹೇಳುವುದು ಸರಿಯಾಗದು. ಅಂಟುವಾಳ ಮತ್ತು ಸೀಗೆಕಾಯಿಯ ನೊರೆ ಸಪೋನಿನ್ ಎಂಬ ಸಸ್ಯಪದಾರ್ಥದಿಂದ ಏಳುವಂಥದು, ಸೋಪಿನಷ್ಟು ಕ್ಷಾರವಲ್ಲ, ನಿಜ. ಆದರೆ ಅದೇ ಮನೆಗಳಲ್ಲಿ ಪಾತ್ರೆ ಬೆಳಗಲು ಬಳಸುತ್ತಿದ್ದ ಒಲೆಬೂದಿ ಪಕ್ಕಾ ಕ್ಷಾರ, ಮೇಲಾಗಿ ತೆಂಗಿನ ನಾರಿನ ಉಜ್ಜು ಬೇರೆ.

ಇನ್ನು ಚಳಿಗಾಲದ ಪಾತ್ರ. 30 ಡಿಗ್ರಿ ಸೆಲ್ಸಿಯಸ್‌ನ ಗಾಳಿ ಒಂದು ಘನ ಮೀಟರಿಗೆ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲುದಾದರೆ, 10 ಡಿಗ್ರಿಯ ಗಾಳಿ 9 ಗ್ರಾಂ ಚಿಲ್ಲರೆಯನ್ನಷ್ಟೇ ಹಿಡಿದಿಡಬಲ್ಲುದು. ಚಳಿಯ ಬೆಳಗಿನ ಗಾಳಿ ಮಂಜಿನಿಂದ ತುಂಬಿದ್ದರೂ ಬೆಚ್ಚಗಿನ ಚರ್ಮದ ಮಟ್ಟಿಗೆ ಅದು ಒಣಗಾಳಿಯೇ. ಸಂಕ್ರಾಂತಿಯ ಎಳ್ಳುಬೆಲ್ಲ ಒಡೆದ ಚರ್ಮಕ್ಕೆ ಮದ್ದೆಂದು ಪ್ರತಿ ಜನವರಿಯಲ್ಲೂ ಪತ್ರಿಕೆಗಳಲ್ಲಿ ಓದಸಿಗುತ್ತದೆ. ಹಬ್ಬದ ದಿನ ತಿಂದ ಹಿಡಿ ಎಳ್ಳು, ಜಿಡ್ಡಿನ ಗ್ರಂಥಿಯೇ ಇಲ್ಲದ ಅಂಗೈಯನ್ನು ಯಾವ ದಾರಿಯಲ್ಲಿ ತಲುಪೀತು ಎಂಬುದನ್ನು ಆ ಬರಹಗಳು ವಿವರಿಸುವುದಿಲ್ಲ. ಎಳ್ಳುಬೆಲ್ಲ ರುಚಿಗಾಗಿ ತಿನ್ನಬಹುದಾದ ಪದಾರ್ಥವಾಗಿರುವಾಗ ಅದಕ್ಕೆ ಮದ್ದಿನ ಹೊರೆ ಹೊರಿಸುವ ಅಗತ್ಯವೂ ಇಲ್ಲ.

ಕಸುಬುಗಳ ಕಡೆಗೆ ತಿರುಗಿದರೆ ಕರ್ನಾಟಕದ ಉದಾಹರಣೆಗಳೇ ಸಾಕಷ್ಟಿವೆ. ರಾಮನಗರ, ಶಿಡ್ಲಘಟ್ಟಗಳ ನೂಲು ಬಿಚ್ಚಾಣಿಕೆ ಘಟಕಗಳಲ್ಲಿ ರೇಷ್ಮೆಗೂಡನ್ನು ಕುದಿಯುವಷ್ಟು ಬಿಸಿನೀರಿನಲ್ಲಿ ಬೇಯಿಸಿ, ಎಳೆಗಳನ್ನು ಅಂಟಿಸಿರುವ ಸೆರಿಸಿನ್ ಎಂಬ ಗೋಂದನ್ನು ಮೆತ್ತಗೆ ಮಾಡಿ, ಎಳೆಯ ತುದಿಯನ್ನು ಬೆರಳಿನಿಂದ ಹುಡುಕಿ ತೆಗೆಯಬೇಕಾಗುತ್ತದೆ. ಚರಕದಲ್ಲಿ ನೂಲು ತೆಗೆಯುವವರ ಬೆರಳು ದಿನವಿಡೀ ಬಿಸಿನೀರಿನಲ್ಲಿ, ಅದೂ ಗೂಡಿನೊಳಗೆ ಸತ್ತ ಹುಳುವಿನ ರಸ ಬೆರೆತ ನೀರಿನಲ್ಲಿ ಆಡುತ್ತಿರುತ್ತದೆ. ಬೆರಳ ಸಂದು ಬಿಳಿಚಿ ಕೊಳೆತಂತಾಗುವುದು, ನೀರುಗುಳ್ಳೆ ಏಳುವುದು, ಬಿರಿದ ಕಡೆ ಕೀವು ತುಂಬುವುದು ಈ ಕಸುಬಿನ ಹಳೆಯ ಕಷ್ಟಗಳು. ಕೈಗವಸು ಹಾಕಿಕೊಂಡರೆ ಕೂದಲಿಗಿಂತ ತೆಳುವಾದ ಎಳೆ ಬೆರಳಿಗೆ ಸಿಗದು. ಈ ಸಮಸ್ಯೆಗೆ ಮುಲಾಮಿಗಿಂತ ಸ್ವಯಂಚಾಲಿತ ಬಿಚ್ಚಾಣಿಕೆ ಯಂತ್ರವೇ ಹೆಚ್ಚು ನೆರವಾಗಿದೆ, ಏಕೆಂದರೆ ಅದು ಕೈಯನ್ನು ನೀರಿನಿಂದ ಹೊರಗೆ ತಂದಿತು.

ಮಲೆನಾಡಿನಲ್ಲಿ ಹಸಿ ಅಡಿಕೆ ಸುಲಿಯುವವರ ಕೈಗೆ ಅಂಟುವ ಚೊಗರಿನ ಕಥೆ ಬೇರೆ ಬಗೆಯದು. ಚೊಗರಿನಲ್ಲಿರುವ ಟ್ಯಾನಿನ್‌ಗಳು ಪ್ರೋಟೀನಿನೊಡನೆ ಬಿಗಿಯಾಗಿ ಬೆಸೆದುಕೊಳ್ಳುವ ಪದಾರ್ಥಗಳು, ತೊಗಲು ಹದಮಾಡುವುದಕ್ಕೆ ಮರದ ತೊಗಟೆಯನ್ನು ಬಳಸುತ್ತಿದ್ದುದು ಇದೇ ಗುಣದಿಂದ. ಚೊಗರು ಕುಡಿದ ಅಂಗೈ ಕಪ್ಪಾಗುವುದಲ್ಲದೆ ಬಿಗಿದುಕೊಂಡು ಒರಟಾಗುತ್ತದೆ. ಕೊನೆಕೊಯ್ಲಿನ ಕಾಲವೂ ಚಳಿಗಾಲವೂ ಒಂದರ ಮೇಲೊಂದು ಬೀಳುವುದು ಇದಕ್ಕೆ ಸೇರಿಕೊಳ್ಳುತ್ತದೆ. ಕೆಲಸಕ್ಕೆ ಮೊದಲೇ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುವುದು ಸರಿಯಾದ ಉಪಾಯ, ಏಕೆಂದರೆ ಎಣ್ಣೆಯ ಪೊರೆ ನಡುವೆ ಇದ್ದಾಗ ಚೊಗರು ಚರ್ಮಕ್ಕೆ ನೇರವಾಗಿ ತಾಗುವುದು ಕಡಿಮೆಯಾಗುತ್ತದೆ. ಕೆಲಸ ಮುಗಿದ ಮೇಲೆ ಕಲೆ ಹೋಗಲೆಂದು ಬ್ಲೀಚಿಂಗ್ ಪುಡಿಯಿಂದ ತಿಕ್ಕುವುದು ಆ ಲಾಭವನ್ನು ಅಳಿಸಿಹಾಕುತ್ತದೆ. ಕರಾವಳಿಯ ಗೇರುಬೀಜ ಕಾರ್ಖಾನೆಗಳಲ್ಲಿ ಸಿಪ್ಪೆ ಒಡೆಯುವವರು ಎದುರಿಸುವುದು ಇದಕ್ಕಿಂತ ತೀಕ್ಷ್ಣವಾದದ್ದನ್ನು: ಸಿಪ್ಪೆಯ ಎಣ್ಣೆಯಲ್ಲಿರುವ ಅನಾಕಾರ್ಡಿಕ್ ಆಮ್ಲ ಮತ್ತು ಕಾರ್ಡೋಲ್ ಚರ್ಮವನ್ನು ಸುಡುತ್ತವೆ, ಅದನ್ನು ತಡೆಯಲು ಕೈಗೆ ಹರಳೆಣ್ಣೆಯನ್ನೋ ಬೂದಿಯನ್ನೋ ಬಳಿದುಕೊಳ್ಳುವುದು ರೂಢಿ.

ಸಿಮೆಂಟಿನ ವಿಷಯದಲ್ಲಿ ಎರಡು ಬಗೆಯ ಹಾನಿಯನ್ನು ಬೇರೆಬೇರೆಯಾಗಿ ಗುರುತಿಸಬೇಕು. ಕಲಸಿದ ಸಿಮೆಂಟಿನ ಪಿಎಚ್ 12ನ್ನೂ ದಾಟುವುದರಿಂದ ಅದು ಯಾರ ಕೈಯನ್ನಾದರೂ ಕೆರಳಿಸಿ ಒಡೆಯಬಲ್ಲುದು. ಇದು ಕೆರಳಿಕೆಯ ಚರ್ಮೋರಿ, ಪ್ರಮಾಣ ತಗ್ಗಿದರೆ ಹಾನಿಯೂ ತಗ್ಗುತ್ತದೆ. ಎರಡನೆಯದು ಅಲರ್ಜಿಯ ಚರ್ಮೋರಿ. ಸಿಮೆಂಟಿನಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಕ್ರೋಮಿಯಂನ ಒಂದು ರೂಪ ಬಿರಿದ ಚರ್ಮದ ಮೂಲಕ ಒಳಹೊಕ್ಕು ದೇಹದ ರಕ್ಷಣಾ ವ್ಯವಸ್ಥೆಗೆ ಶತ್ರುವಾಗಿ ಪರಿಚಯವಾದರೆ, ಆಮೇಲೆ ಚಿಟಿಕೆ ಸಿಮೆಂಟು ಸೋಕಿದರೂ ಕೈ ಕೆರೆತದಿಂದ ಕೆಂಪಾಗಿ ಸೀಳುತ್ತದೆ, ಆ ಗುಣ ಬಹುಮಟ್ಟಿಗೆ ಜೀವನಪರ್ಯಂತ ಉಳಿಯುತ್ತದೆ. ಸಿಮೆಂಟಿಗೆ ಕಬ್ಬಿಣದ ಸಲ್ಫೇಟ್ ಬೆರೆಸಿ ಈ ಕ್ರೋಮಿಯಂನ ಕಾಟ ತಗ್ಗಿಸುವ ಕ್ರಮವನ್ನು ಡೆನ್ಮಾರ್ಕ್ 1980ರ ದಶಕದ ಆರಂಭದಲ್ಲೇ ತಂದಿತು. 2005ರಿಂದ ಯುರೋಪಿಯನ್ ಒಕ್ಕೂಟ ಹತ್ತು ಲಕ್ಷ ಭಾಗದಲ್ಲಿ ಎರಡು ಭಾಗದ ಮಿತಿ ಹಾಕಿದೆ. ಮೇಸ್ತ್ರಿಯ ಕೈ ಉಳಿಸುವ ಕೆಲಸ ಹೀಗೆ ಸಿಮೆಂಟು ಕಾರ್ಖಾನೆಯಲ್ಲೇ ಆರಂಭವಾಗಬಹುದು.

ಅಡುಗೆಮನೆಯ ಅಲರ್ಜಿಗೂ ಒಂದು ಗುರುತಿದೆ. ಬಲಗೈಯಲ್ಲಿ ಚಾಕು ಹಿಡಿದು ಬೆಳ್ಳುಳ್ಳಿ ಹೆಚ್ಚುವವರಲ್ಲಿ ಎಡಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳ ತುದಿಗಳಷ್ಟೇ ಒಣಗಿ ಸಿಪ್ಪೆಯೆದ್ದು ಬಿರಿದಿದ್ದರೆ ಕಾರಣ ಬೆಳ್ಳುಳ್ಳಿಯೇ ಎಂದು ವೈದ್ಯರು ಊಹಿಸುತ್ತಾರೆ. ಅದಕ್ಕೆ ವಾಸನೆ ಕೊಡುವ ಗಂಧಕದ ಸಂಯುಕ್ತ ಬಹುತೇಕ ಕೈಗವಸುಗಳನ್ನು ದಾಟಿ ಒಳಬರುತ್ತದೆ. ಒಣಗಿ ಒಡೆದಂತೆ ಕಾಣುವ ಕೈ ಬೇರೆ ರೋಗದ್ದೂ ಆಗಿರಬಹುದು. ಎರಡೂ ಅಂಗಾಲು ಒಂದೇ ಅಂಗೈ ಹೊಟ್ಟೆದ್ದಿದ್ದರೆ ಅದು ಶಿಲೀಂಧ್ರದ ಸೋಂಕು, ಅಂಚು ಸ್ಪಷ್ಟವಾಗಿರುವ ದಪ್ಪ ಪದರ ಮೊಣಕೈ ಮೊಣಕಾಲುಗಳಲ್ಲೂ ಇದ್ದರೆ ಸೋರಿಯಾಸಿಸ್ ಇರುವ ಸಂಭವ ಹೆಚ್ಚು. ಇವೆಲ್ಲಕ್ಕೂ ಔಷಧಿ ಅಂಗಡಿಯಲ್ಲಿ ಕೇಳಿ ಪಡೆದ ಒಂದೇ ಟ್ಯೂಬು ಹಚ್ಚುವ ಅಭ್ಯಾಸ ದೊಡ್ಡ ಅನಾಹುತ ಮಾಡಿದೆ. ಅಂಥ ಹಲವು ಟ್ಯೂಬುಗಳಲ್ಲಿರುವ ಸ್ಟಿರಾಯ್ಡ್ ಉರಿಯನ್ನು ಎರಡು ದಿನದಲ್ಲಿ ಇಳಿಸುತ್ತದೆ, ಆದರೆ ಶಿಲೀಂಧ್ರವನ್ನು ಬೆಳೆಸುತ್ತದೆ, ತಿಂಗಳುಗಟ್ಟಲೆ ಹಚ್ಚಿದರೆ ಚರ್ಮವನ್ನೇ ತೆಳುವಾಗಿಸುತ್ತದೆ. ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ಅಧಿಸೂಚನೆ ಹೊರಡಿಸಿತು. ಇಸುಬಿಗೆ ಸ್ಟಿರಾಯ್ಡ್ ಒಳ್ಳೆಯ ಔಷಧಿಯೇ. ಯಾವುದು, ಎಷ್ಟು ದಿನ ಎಂಬುದನ್ನು ರೋಗ ಗುರುತಿಸಬಲ್ಲವರು ಹೇಳಬೇಕಷ್ಟೆ.

ಕೈಗೆ ಹಚ್ಚುವ ಪದಾರ್ಥಗಳು ಮಾಡುವ ಕೆಲಸ ಮೂರು ಬಗೆಯದು. ಗ್ಲಿಸರಿನ್, ಯೂರಿಯಾಗಳಂಥವು ನೀರನ್ನು ಸೆಳೆದು ಹಿಡಿಯುತ್ತವೆ. ಎಣ್ಣೆಗಳು ಒರಟು ಕೋಶಗಳ ನಡುವಿನ ಸಂದು ತುಂಬಿ ನುಣುಪು ಕೊಡುತ್ತವೆ. ಮೇಣ ಮತ್ತು ಪೆಟ್ರೋಲಿಯಂ ಜೆಲ್ಲಿ ಮೇಲೆ ಪೊರೆ ಕಟ್ಟಿ ಆವಿಯನ್ನು ತಡೆಯುತ್ತವೆ. ಬ್ಲಾಂಕ್ ಪ್ರಯೋಗ ತಿಳಿಸಿದಂತೆ ಮೆದುಗೊಳಿಸುವುದು ನೀರಾದ್ದರಿಂದ, ಮೂರನೆಯ ಬಗೆಯ ಪದಾರ್ಥವನ್ನು ಒಣಗಿದ ಕೈಗೆ ಹಚ್ಚುವುದಕ್ಕಿಂತ ತೊಳೆದು ಒತ್ತಿ ಒರೆಸಿದ, ಇನ್ನೂ ತೇವವಿರುವ ಕೈಗೆ ಹಚ್ಚಿದರೆ ಪ್ರಯೋಜನ ಹೆಚ್ಚು. ಅಪ್ಪಟ ಗ್ಲಿಸರಿನ್ನನ್ನು ಒಣಹವೆಯಲ್ಲಿ ಹಾಗೆಯೇ ಬಳಿದರೆ ಅದು ನೀರನ್ನು ಚರ್ಮದ ಒಳಗಿನಿಂದಲೇ ಎಳೆದುಕೊಳ್ಳಬಹುದಾದ್ದರಿಂದ ನೀರು ಬೆರೆಸಿ ಹಚ್ಚಬೇಕು. ಅದಕ್ಕೆ ನಿಂಬೆರಸ ಹಿಂಡುವ ಮನೆಮದ್ದನ್ನು ಬಿಡುವುದೇ ಲೇಸು, ಸೀಳಿಗೆ ಉರಿಯಾಗುವುದಲ್ಲದೆ ನಿಂಬೆರಸ ಹತ್ತಿದ ಚರ್ಮ ಬಿಸಿಲಿಗೆ ಕಪ್ಪುಗಟ್ಟುತ್ತದೆ.

ಮಲೆನಾಡು ಮತ್ತು ಉತ್ತರ ಕನ್ನಡದ ಮನೆಗಳಲ್ಲಿ ಒಡೆದ ಕೈಕಾಲಿಗೆ ಹಚ್ಚುವ ಮುರುಗಲ ತುಪ್ಪ ಈ ವರ್ಗೀಕರಣದಲ್ಲಿ ಎಲ್ಲಿ ನಿಲ್ಲುತ್ತದೆ ಎಂಬುದು ಕುತೂಹಲದ ವಿಷಯ. ದಕ್ಷಿಣ ಕನ್ನಡದವರು ಪುನರ್ಪುಳಿ ಎಂದು ಕರೆಯುವ ಮುರುಗಲ ಹಣ್ಣಿನ ಸಿಪ್ಪೆ ಸಾರಿಗೂ ಪಾನಕಕ್ಕೂ ಹೋದ ಮೇಲೆ ಉಳಿಯುವ ಬೀಜವನ್ನು ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿದರೆ ಮೇಲೆ ಕೊಬ್ಬು ತೇಲುತ್ತದೆ, ಅದನ್ನು ತೆಗೆದು ಆರಲು ಬಿಟ್ಟರೆ ಗಟ್ಟಿಯಾದ ಬಿಳಿಹಳದಿ ಉಂಡೆಯಾಗುತ್ತದೆ. ಸ್ಟಿಯರಿಕ್ ಮತ್ತು ಓಲಿಯಿಕ್ ಆಮ್ಲಗಳೇ ಪ್ರಧಾನವಾಗಿರುವ ಈ ಕೊಬ್ಬು ಕರಗುವುದು ಸುಮಾರು 40 ಡಿಗ್ರಿಯಲ್ಲಿ, ಅಂದರೆ ಮೈಬಿಸಿಗಿಂತ ತುಸು ಮೇಲೆ. ತುಸು ಬಿಸಿಮಾಡಿ ಸೀಳಿಗೆ ಹಚ್ಚಿದಾಗ ಎಣ್ಣೆಯಂತೆ ಒಳಗಿಳಿದು, ಚರ್ಮದ ಮೇಲೆ ಮೇಣದಂತೆ ಮತ್ತೆ ಹೆಪ್ಪುಗಟ್ಟುವ ಗುಣದಿಂದ ಅದು ಎರಡನೆಯ ಮತ್ತು ಮೂರನೆಯ ಬಗೆಗಳ ಕೆಲಸವನ್ನು ಒಟ್ಟಿಗೆ ಮಾಡುತ್ತದೆ. ತೆಂಗಿನೆಣ್ಣೆ ಒರೆಸಿ ಹೋಗುವ ಕಡೆ ಇದು ನಿಲ್ಲುತ್ತದೆ. ತೆಂಗಿನೆಣ್ಣೆಯೂ ಕಡೆಗಣಿಸುವಂಥದಲ್ಲ: ಒಣಚರ್ಮಕ್ಕೆ ಖನಿಜ ತೈಲದಷ್ಟೇ ಉಪಯುಕ್ತವೆಂದು ಫಿಲಿಪೀನ್ಸಿನಲ್ಲಿ ನಡೆದ, 2004ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ತೋರಿಸಿತು. ಎಲ್ಲ ಎಣ್ಣೆಯೂ ಒಂದೇ ಅಲ್ಲ ಎಂಬುದನ್ನು ಮಾತ್ರ ಮರೆಯಬಾರದು. ಆಲಿವ್ ಎಣ್ಣೆ ಚರ್ಮದ ತಡೆಗೋಡೆಯನ್ನು ದುರ್ಬಲಗೊಳಿಸುವುದೂ ಸೂರ್ಯಕಾಂತಿ ಎಣ್ಣೆ ಹಾಗೆ ಮಾಡದಿರುವುದೂ ಇಂಗ್ಲೆಂಡಿನ ಅಧ್ಯಯನದಲ್ಲಿ ಕಂಡುಬಂದಿದೆ.

ಪೆಟ್ರೋಲಿಯಂ ಜೆಲ್ಲಿಯ ಮೂಲವೂ ಕೆಲಸಗಾರರ ಕೈಯಲ್ಲೇ ಇದೆ. 1859ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ತೈಲಬಾವಿಗಳಿಗೆ ಹೋದ ರಾಬರ್ಟ್ ಚೀಸ್‌ಬ್ರೋ ಎಂಬ ರಸಾಯನಶಾಸ್ತ್ರಜ್ಞ, ಪಂಪಿನ ಸರಳಿಗೆ ಅಂಟುವ ಮೇಣದಂಥ ಗಸಿಯನ್ನು ಅಲ್ಲಿನ ಕಾರ್ಮಿಕರು ಗಾಯಕ್ಕೂ ಸುಟ್ಟ ಜಾಗಕ್ಕೂ ಬಳಿದುಕೊಳ್ಳುವುದನ್ನು ಕಂಡು, ಅದನ್ನು ಶುದ್ಧೀಕರಿಸಿ 1872ರಲ್ಲಿ ವ್ಯಾಸಲೀನ್ ಎಂಬ ಹೆಸರಿನಲ್ಲಿ ಪೇಟೆಂಟ್ ಪಡೆದ. ಆವಿ ತಡೆಯುವುದರಲ್ಲಿ ಅದನ್ನು ಮೀರಿಸುವ ಪದಾರ್ಥ ಇಂದಿಗೂ ಅಪರೂಪ, ಪರಿಮಳ ಬೆರೆಸದ ಜೆಲ್ಲಿಗೆ ಅಲರ್ಜಿಯಾಗುವುದು ಇನ್ನೂ ಅಪರೂಪ, ಬೆಲೆಯೂ ದುಬಾರಿ ಕೈಕ್ರೀಮುಗಳಿಗಿಂತ ಬಹಳ ಕಡಿಮೆ. ಹಗಲಲ್ಲಿ ಅದರ ಜಿಡ್ಡು ಕೆಲಸಕ್ಕೆ ಅಡ್ಡಿಯಾಗುವುದರಿಂದ ತೆಳು ಕ್ರೀಮನ್ನು ಪ್ರತಿ ತೊಳೆತದ ನಂತರ, ಜೆಲ್ಲಿಯನ್ನು ರಾತ್ರಿ ಮಲಗುವಾಗ ದಪ್ಪವಾಗಿ ಹಚ್ಚಿ ಮೇಲೆ ಹತ್ತಿಯ ಕೈಗವಸು ತೊಡುವುದು ಹೊಂದುತ್ತದೆ. ತೋರುಬೆರಳಿನ ತುದಿಯ ಗೆಣ್ಣಿನುದ್ದಕ್ಕೆ ಟ್ಯೂಬಿನಿಂದ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ, ಅದು ಒಂದು ಕೈಯ ಎರಡೂ ಬದಿಗೆ ಸಾಕಾಗುವ ಅಳತೆ. ದಪ್ಪ ಜಡ್ಡುಗಟ್ಟಿದ ಅಂಗೈಗೆ ಶೇಕಡ 10ರಿಂದ 20ರಷ್ಟು ಯೂರಿಯಾ ಇರುವ ಕ್ರೀಮು ಒಳ್ಳೆಯದು, ಆದರೆ ಹಸಿ ಸೀಳಿಗೆ ಅದು ಉರಿ ಕೊಡುತ್ತದೆ. ನೋವು ನಾಲ್ಕು ದಿನಕ್ಕೆ ನಿಂತರೂ ತಡೆಗೋಡೆ ಪೂರ್ತಿ ಕಟ್ಟಿಕೊಳ್ಳಲು ವಾರಗಳು ಬೇಕಾಗುವುದರಿಂದ, ಗುಣವಾಯಿತೆಂದು ಆರೈಕೆ ನಿಲ್ಲಿಸಿದವರ ಕೈ ಮುಂದಿನ ವಾರ ಮತ್ತೆ ಬಿರಿಯುತ್ತದೆ.

ಆಸ್ಪತ್ರೆಯವರಿಗೆ ಕೈ ತೊಳೆಯಬೇಡಿ ಎನ್ನುವಂತಿಲ್ಲ. ಸೋಪಿಗಿಂತ ಸ್ಯಾನಿಟೈಸರ್ ಹೆಚ್ಚು ಒಣಗಿಸುತ್ತದೆ ಎಂಬ ನಂಬಿಕೆ ಅವರಲ್ಲೂ ಇದೆ. ಅದು ಬಿರಿದ ಚರ್ಮಕ್ಕೆ ಉರಿಯುವುದರಿಂದ ಹುಟ್ಟಿದ ತಪ್ಪು ಎಣಿಕೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಶೇಕಡ 1.45ರಷ್ಟು ಗ್ಲಿಸರಿನ್ ಸೇರಿಸಿರುವುದು ಚರ್ಮದ ರಕ್ಷಣೆಗಾಗಿಯೇ, ಕೊಳೆ ಕಣ್ಣಿಗೆ ಕಾಣದಿರುವಾಗ ಸೋಪಿನ ಬದಲು ಅದನ್ನು ಬಳಸಿದರೆ ಕೈಗೆ ಹಾನಿ ಕಡಿಮೆ. ಶಸ್ತ್ರಚಿಕಿತ್ಸೆಯ ರಬ್ಬರ್ ಕೈಗವಸಿನ ಇತಿಹಾಸ ಕೂಡ ಒಡೆದ ಕೈಯಿಂದಲೇ ಆರಂಭವಾಗುತ್ತದೆ. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ 1889-90ರ ಚಳಿಗಾಲದಲ್ಲಿ ಕ್ಯಾರೊಲಿನ್ ಹ್ಯಾಂಪ್ಟನ್ ಎಂಬ ದಾದಿಯ ಕೈ ಕ್ರಿಮಿನಾಶಕ ಪಾದರಸದ ದ್ರಾವಣದಿಂದ ಕೆಟ್ಟಾಗ, ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ ಗುಡ್‌ಇಯರ್ ಕಂಪನಿಯಿಂದ ತೆಳು ರಬ್ಬರಿನ ಕೈಗವಸು ಮಾಡಿಸಿಕೊಟ್ಟ. ರೋಗಿಯನ್ನು ಸೋಂಕಿನಿಂದ ಕಾಯುವ ಉದ್ದೇಶ ಅದಕ್ಕೆ ಆಮೇಲೆ ಸೇರಿಕೊಂಡಿತು. ಮನೆಗೆಲಸಕ್ಕೂ ಕೈಗವಸು ಒಳ್ಳೆಯದು, ಆದರೆ ಹತ್ತು ನಿಮಿಷ ಮೀರಿದರೆ ಒಳಗೆ ಬೆವರು ಕಟ್ಟುವುದರಿಂದ ಅಡಿಯಲ್ಲಿ ಹತ್ತಿಯದೊಂದು ಜೊತೆ ಬೇಕು, ತೂತುಬಿದ್ದು ಸೋಪುನೀರು ಒಳಸೇರಿದ ಕೈಗವಸು ಬರಿಗೈಗಿಂತ ಕೆಟ್ಟದ್ದು.

ಜರ್ಮನಿಯ ಔದ್ಯೋಗಿಕ ನಿಯಮಗಳು ಒದ್ದೆ ಕೆಲಸ ಎಂಬುದಕ್ಕೆ ಅಳತೆ ಗೊತ್ತುಮಾಡಿವೆ: ಪಾಳಿಯೊಂದರಲ್ಲಿ ಎರಡು ಗಂಟೆಗಿಂತ ಹೆಚ್ಚು ಹೊತ್ತು ಕೈ ನೀರಿನಲ್ಲಿದ್ದರೆ ಇಲ್ಲವೇ ಪದೇಪದೇ ತೊಳೆಯಬೇಕಾಗಿದ್ದರೆ ಅದು ಚರ್ಮಕ್ಕೆ ಅಪಾಯವಿರುವ ಕೆಲಸ, ರಕ್ಷಣೆಯ ಹೊಣೆ ಕೆಲಸ ಕೊಟ್ಟವರದು. ಭಾರತದ 1948ರ ಕಾರ್ಖಾನೆ ಕಾಯ್ದೆಯೂ ರಾಸಾಯನಿಕ ಮತ್ತು ಬಣ್ಣಗಳ ನೇರ ಸಂಪರ್ಕದಿಂದ ಬರುವ ಚರ್ಮೋರಿಯನ್ನು ಸರ್ಕಾರಕ್ಕೆ ತಿಳಿಸಲೇಬೇಕಾದ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿ ಸೇರಿಸಿತ್ತು. ಆದರೆ ಜರ್ಮನಿಯ ಅಳತೆಯನ್ನು ಬೆಂಗಳೂರಿನಲ್ಲಿ ಬೆಳಗಿನಿಂದ ಮಧ್ಯಾಹ್ನದೊಳಗೆ ಐದಾರು ಮನೆಗಳ ಪಾತ್ರೆ ತೊಳೆದು ಮುಗಿಸುವವರಿಗೆ, ದರ್ಶಿನಿಯ ಹಿಂಬದಿಯಲ್ಲಿ ಲೋಟ ತೊಳೆಯುವವರಿಗೆ, ಮನೆಯ ಅಂಗಳದಲ್ಲೇ ಚರಕ ನಡೆಸುವವರಿಗೆ ಹಿಡಿದರೆ ಬಹುಮಂದಿ ಮಿತಿಯನ್ನು ದಾಟುತ್ತಾರೆ, ಮತ್ತು ಅವರಲ್ಲಿ ಬಹುಮಂದಿಯ ಕೆಲಸದ ಜಾಗ ಕಾರ್ಖಾನೆ ಎಂಬ ವ್ಯಾಖ್ಯೆಯೊಳಗೆ ಬರುವುದೇ ಇಲ್ಲ. ವೈದ್ಯರು ಕೊಡುವ ಮೊದಲ ಸಲಹೆಯಾದ ಒಂದಷ್ಟು ದಿನ ನೀರು ಮುಟ್ಟಬೇಡಿ ಎಂಬುದು ಇಂಥವರಿಗೆ ಆ ದಿನಗಳ ಸಂಬಳ ಬಿಡಿ ಎಂದಂತೆ. ಕೈಗವಸಿನ ಜೊತೆಯನ್ನೂ ಪರಿಮಳವಿಲ್ಲದ ಜೆಲ್ಲಿಯ ಡಬ್ಬವನ್ನೂ ಪಾತ್ರೆ ತೊಳೆಯುವ ಸೋಪಿನ ಜೊತೆಗೇ ಮನೆಯವರು, ಹೋಟೆಲಿನವರು ತಂದಿಡುವುದಕ್ಕೆ ಯಾವ ಕಾಯ್ದೆಯೂ ಅಡ್ಡ ಬರುವುದಿಲ್ಲ, ಖರ್ಚೂ ತಿಂಗಳ ಸೋಪಿನ ಖರ್ಚಿಗಿಂತ ಬಹಳ ಹೆಚ್ಚಾಗುವುದಿಲ್ಲ.